ನಾಗಶ್ರೀಯ ಬಲಗಾಲು

18 ನವೆಂಬರ್, ಮಂಗಳವಾರ

ಬೆಳಿಗ್ಗೆ ಬಾಕ್ಸಿಂಗ್ ಅಭ್ಯಾಸದ ಅಂಗಳದಲ್ಲಿ, ಇಬ್ಬನಿಗೆ ತೊಯ್ದ ಮಣ್ಣಿನ ಮೇಲೆ ನಾಗಶ್ರೀಯ ಹೆಜ್ಜೆಗುರುತು ನೋಡಿದೆ. ಬಲಗೈಯಿಂದ ಗುದ್ದಿದಾಗಲೆಲ್ಲ ಅವಳ ಹಿಂದಿನ ಕಾಲು ಜಾರಿ ಎಡಗಾಲಿನ ಪಕ್ಕಕ್ಕೇ ಬಂದು ನಿಂತಿದೆ. ಆ ಗಳಿಗೆಯಲ್ಲಿ ಎದೆಗೆ ಒಂದು ನೇರ ಏಟು ಬಿದ್ದರೆ ಅವಳಿಗೆ ಹಿಂದೆ ಆಸರೆಯೇ ಇರುವುದಿಲ್ಲ.

“ಯಾಕಮ್ಮಿ ನೆಲ ನೋಡ್ತಿದ್ದೀಯ, ಏನ್ ಕಳ್ಕಂಡೆ?” ಎಂದಳು.

“ಏನೂ ಇಲ್ಲ” ಎಂದೆ.

ಅವಳು ನನ್ನನ್ನು ಕೆಡವಿ ಮೂರು ವಾರವಾಯಿತು. ಕೆರಗೋಡಿನ ಗದ್ದೆ ಬದುಗಳ ಮೇಲೆ ನಡೆದು ಬೆಳೆದವಳು ನಾನು. ಗುದ್ದಲು ನಿಂತರೂ ಪಾದಗಳು ಒಂದರ ಹಿಂದೊಂದು, ಒಂದೇ ಗೆರೆಯಲ್ಲಿ ನಿಲ್ಲುತ್ತಿದ್ದವು. ಪಕ್ಕದಿಂದ ಒಂದೇ ಏಟು ಕೊಟ್ಟಳು, ಬಿದ್ದೆ. ಎಲ್ಲರನ್ನೂ ಕೂಗಿ ಕರೆದಳು: “ನೋಡ್ರಮ್ಮಿ, ಎಂ.ಎ. ಮೇಡಮ್ಮು ಬದು ಮ್ಯಾಲೆ ಬುತ್ತಿ ಒತ್ಕಂಡು ಓಯ್ತಾವ್ರೆ!” ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನು ನಕ್ಕದ್ದೇ ಇನ್ನೂ ಚುಚ್ಚುತ್ತದೆ.

ಅಂದಿನಿಂದ ದಿನವೂ ಹಿತ್ತಿಲಲ್ಲಿ ಹಿಂದಿನ ಪಾದವನ್ನು ಒಂದು ಗೇಣು ಬಲಕ್ಕಿಟ್ಟು ಗುದ್ದುತ್ತಿದ್ದೇನೆ. ಈಗ ನೋಡದೆಯೇ ಕಾಲು ಅಲ್ಲಿಗೆ ಹೋಗುತ್ತದೆ.

ಭಾನುವಾರದ ಪಂದ್ಯದಲ್ಲಿ ನನ್ನೆದುರು ಅವಳೇ. ಅವಳ ಬಲಗೈಯ ಮೊದಲ ಎರಡು ಏಟು ತಿನ್ನುತ್ತೇನೆ, ಅವಳಿಗೆ ಧೈರ್ಯ ಬರಲಿ. ಮೂರನೆಯದಕ್ಕೆ ಆ ಕಾಲು ಪಕ್ಕಕ್ಕೆ ಬರುತ್ತಿದ್ದಂತೆ ನನ್ನ ಏಟು. ಅವಳು ಬಿದ್ದರೆ ನಾನು ನಗುವುದಿಲ್ಲ. ಕೈ ಕೊಟ್ಟು ಎಬ್ಬಿಸುವುದೂ ಇಲ್ಲ.