ಬೆನ್ನ ಹಿಂದಿನ ಕುರ್ಚಿ

ಜನವರಿ ೩೧, ಶುಕ್ರವಾರ. ಬ್ಯೂನಸ್ ಐರಿಸ್.

ಇವತ್ತು ನಾನು ನಿದ್ದೆ ಹೋದೆ. ನನ್ನ ರೋಗಿ ಎವಾರಿಸ್ತೊ ದಿವಾನ್ ಮಂಚದ ಮೇಲೆ ಮಲಗಿ, ಮೂರು ವರ್ಷದಲ್ಲಿ ಮೊದಲ ಸಲ, ಸತ್ತ ತಮ್ಮನ ವಿಷಯ ಎತ್ತಿದ್ದ. ನನ್ನ ಕುರ್ಚಿ ಅವನ ತಲೆಯ ಹಿಂದೆ. ಅವನಿಗೆ ನಾನು ಕಾಣುವುದಿಲ್ಲ. ಇಲ್ಲಿ ಜನವರಿಯೆಂದರೆ ಬೇಸಿಗೆ, ಸೆಕೆ ಬೇರೆ. ಎಚ್ಚರವಾದಾಗ ಅವನು ಕಣ್ಣೊರೆಸಿಕೊಳ್ಳುತ್ತಿದ್ದ.

"ಡಾಕ್ಟ್ರೇ, ಇಷ್ಟೆಲ್ಲಾ ಹೇಳಿದ್ರೂ ನೀವು ಬೇಡ ಅನ್ಲಿಲ್ಲ. ಈಗ ಧೈರ್ಯ ಬಂತು."

ಯಾವುದಕ್ಕೆ ಧೈರ್ಯ? ಕೇಳಿದರೆ ನನ್ನ ನಿದ್ದೆ ಬಯಲಾಗುತ್ತಿತ್ತು. ಮೌನವೇ ನಮ್ಮ ಮದ್ದು ಎಂದು ವಿದ್ಯಾರ್ಥಿಗಳಿಗೆ ಬೋಧಿಸುವ ಬಾಯಿ; ಮುಚ್ಚಿಕೊಂಡೇ ಇದ್ದೆ. ನಾಳೆಯಿಂದ ಫೆಬ್ರವರಿ, ಊರಿನ ಮನೋವಿಶ್ಲೇಷಕರಿಗೆಲ್ಲ ರಜೆ. "ಮಾರ್ಚಲ್ಲಿ ನೋಡೋಣ" ಎಂದೆ.

"ಮಾರ್ಚಾ?" ಎಂದು ಬಾಗಿಲಲ್ಲಿ ನಕ್ಕ.

ಆ ನಗು ಮನಸ್ಸಿನಿಂದ ಹೋಗಲಿಲ್ಲ; ರಾತ್ರಿ ಅವನಿಗೆ ನಾಲ್ಕು ಸಲ ಫೋನು ಮಾಡಿದೆ, ಎತ್ತಲಿಲ್ಲ. ಐದನೆಯದಕ್ಕೆ ಎತ್ತಿಕೊಂಡ. ಮಾತಿಲ್ಲ, ಉಸಿರು ಮಾತ್ರ. ಆ ಮೌನ ತಡೆಯಲಾರದೆ ನಾನೇ ಹೇಳಿಬಿಟ್ಟೆ: "ಎವಾರಿಸ್ತೊ, ನಾನು ಏನೂ ಕೇಳಿಸ್ಕೊಂಡಿಲ್ಲ, ನಿದ್ದೆ ಹತ್ತಿತ್ತು."

ಅವನು ಫೋನು ಇಟ್ಟ. ಈಗ ಎತ್ತುತ್ತಿಲ್ಲ.