ತೊಟ್ಟಿಲಿಗೆ ಕಟ್ಟಿದ ಆಕಾಶನೌಕೆ

ಬಳ್ಳಾರಿ
೨೭ ಡಿಸೆಂಬರ್ ೨೦೨೫

ಪ್ರೀತಿಯ ತಮ್ಮ ಹುಲಿಗೇಶನಿಗೆ,

ನಿನ್ನ ಅಕ್ಕ ನೀಲಾವತಿಯ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯಬೇಕೆಂದು ಅವ್ವ ಕಲಿಸಿದ್ದಳು. ಈ ಸಲ ಆ ಸಾಲು ಬರೆಯಲು ಕೈ ಬರಲಿಲ್ಲ, ಅದಕ್ಕೇ ಕಾಗದವೂ ತಡವಾಯಿತು. ಬೇಸರ ಮಾಡಿಕೊಳ್ಳಬೇಡ. ನಿನ್ನ ಫೋನು ಒಂದು ವಾರದಿಂದ ಬಂದ್. ನಿನ್ನೆ ಹೊನ್ನೂರಮ್ಮ ಚಿಕ್ಕಮ್ಮನ ಮಗ ಎರ್ರಣ್ಣ ಸಿರುಗುಪ್ಪದ ಮಿಲ್ಲಿನಿಂದ ಅಕ್ಕಿ ಗಾಡಿ ತಂದವನು ಆಸ್ಪತ್ರೆಗೂ ಬಂದಿದ್ದ. ನೀನು ಕೆಂಚನಗುಡ್ಡದಲ್ಲಿ ಅವರ ಮನೆಯಲ್ಲೇ ಇದ್ದೀಯಂತೆ. "ಉಣ್ಣಂಗಿಲ್ಲ, ಮಾತಾಡಂಗಿಲ್ಲ ಅಕ್ಕಾ. ಆ ಗೊಂಬಿ ಡಬ್ಬಿ ತುಂಬಿದ ಚೀಲ ಮಗ್ಗಲಾಗ ಇಟ್ಕೊಂಡು ಹೊತ್ತು ಮುಳುಗೂ ತನಕ ಹೊಳಿ ದಂಡ್ಯಾಗ ಕುಂದ್ರತಾನ" ಎಂದ. ಆ ಮಾತು ಕೇಳಿದಾಗಿನಿಂದ ನನ್ನ ಜೀವ ಎರಡು ಕಡೆ ಹಂಚಿಹೋಗಿದೆ. ಇಲ್ಲಿ ಕೂಸಿನ ಎದೆ ಏರಿಳಿಯುತ್ತಿದೆಯೋ ಇಲ್ಲವೋ ಎಂದು ನೋಡುತ್ತೇನೆ. ಅಲ್ಲಿ ನೀನು ನೀರಿಗೆ ಎಷ್ಟು ಹತ್ತಿರ ಕೂತಿದ್ದೀಯೋ ಎಂದು ಹೆದರುತ್ತೇನೆ.

ನನ್ನ ಕೂಸು ಪರಶು ಬದುಕಿದ್ದಾನೆ. ಅದನ್ನು ಮೊದಲು ತಿಳಿದುಕೋ. "ನಿನ್ನ ಗೊಂಬಿ ಸೆಲ್ಲು ಕೂಸಿನ ಗಂಟಲಾಗ ಐತಿ" ಎಂದು ನಿಮ್ಮ ಭಾವ ಅಂದು ಫೋನಿನಲ್ಲಿ ಕೂಗಾಡಿದ್ದಷ್ಟೇ ನಿನಗೆ ಗೊತ್ತು. ಉಳಿದದ್ದು ಕೇಳುವ ಮೊದಲೇ ನೀನು ಊರು ಬಿಟ್ಟೆ.

ಎಳ್ಳಮಾವಾಸ್ಯೆಯ ಮರುದಿನ ಬೆಳಿಗ್ಗೆ ಕೂಸು ಹಾಲು ಕುಡಿಯಲಿಲ್ಲ. ಜೊಲ್ಲು ಒಂದೇ ಸಮ ಸುರಿಯುತ್ತಿತ್ತು. ಎಂಟು ತಿಂಗಳ ಕೂಸು, ಹಲ್ಲು ಬರುತ್ತಿರಬೇಕು ಎಂದುಕೊಂಡೆವು. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಅವನನ್ನು ನಗಿಸೋಣವೆಂದು ಭಾವ ತೊಟ್ಟಿಲಿಗೆ ನೀನು ಕಟ್ಟಿದ ಆಕಾಶದ ಹಡಗಿನ ದಾರ ಎಳೆದರು. ದೀಪ ಹತ್ತಲಿಲ್ಲ, ಒಳಗಿನ ರೋಬೋ ಮಾತಾಡಲಿಲ್ಲ. ಬೋರಿನ ಮೋಟಾರು ಬಿಚ್ಚಿ ಕಟ್ಟುವ ಕೈ, ಸುಮ್ಮನಿರುತ್ತದೆಯೇ? ತಿರುಗಿಸಿ ನೋಡಿದರು. ಕೆಳಗಿನ ಮುಚ್ಚಳ ಇಲ್ಲ. ಅಂಗಿಯ ಗುಂಡಿಯಂಥ ಎರಡು ಸೆಲ್ಲಿನಲ್ಲಿ ಒಂದೇ ಇದೆ. ನಾನು ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಓಡಿದೆ.

ಕುರುಗೋಡಿನಿಂದ ಬಳ್ಳಾರಿಗೆ ಹೇಗೆ ಬಂದೆವೋ ನೆನಪಿಲ್ಲ. ಎಕ್ಸ್‌ರೇಯಲ್ಲಿ ಅದು ಗುಂಡಗೆ, ಬೆಳ್ಳಗೆ, ಅವನ ಎಳೆ ಎಲುಬುಗಳ ನಡುವೆ ಕೂತಿತ್ತು. ಬಾಯಿಂದ ನಳಿಗೆ ಇಳಿಸಿ ತೆಗೆದರು. ಮುಗಿಯಿತು ಎಂದು ನಾನು ಕೈ ಮುಗಿದರೆ ಡಾಕ್ಟರಮ್ಮ, "ಈಗ ಮುಗೀತು ಅನ್ನಬ್ಯಾಡ್ರಿ. ಸೆಲ್ಲು ಹೊರಗ ಬಂದೈತಿ, ಅದು ಸುಟ್ಟ ಗಾಯ ಒಳಗ ಐತಿ. ಆ ಜಾಗ ತೂತು ಬೀಳಬಹುದು. ದನಿಯ ನರಾನೂ ಅಲ್ಲೇ ಮಗ್ಗಲಾಗ ಐತ್ರಿ. ಕಾದು ನೋಡಬೇಕು" ಎಂದರು. ಅಂದಿನಿಂದ ಕಾಯುವುದೇ ನಮ್ಮ ಕೆಲಸ. ಹಾಲು ಮೂಗಿನ ನಳಿಗೆಯಲ್ಲಿ ಹೋಗುತ್ತದೆ. ಅವನು ಕೆಮ್ಮಿದಾಗಲೆಲ್ಲ ಬಾಯಿ ಒರೆಸಿದ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ರಕ್ತ ಇದೆಯೋ ಎಂದು ನೋಡುತ್ತೇನೆ. ನರ್ಸುಗಳು ವರಾಂಡದಲ್ಲಿ ಪುಟ್ಟದೊಂದು ಕ್ರಿಸ್‌ಮಸ್ ಗಿಡ ಇಟ್ಟು ಸಿಂಗರಿಸಿದ್ದಾರೆ, ಪಾಪ, ಮಕ್ಕಳಿಗೆ ಖುಷಿಯಾಗಲೆಂದು. ನನಗೆ ಆ ಕಡೆ ತಿರುಗಲೂ ಭಯ. ಮಿನುಗುವುದೆಲ್ಲದರ ಹೊಟ್ಟೆಯಲ್ಲೂ ಒಂದು ಸೆಲ್ಲು ಇರುತ್ತದೆ ಅನ್ನಿಸುತ್ತದೆ.

ನಿನ್ನ ಮೇಲೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಮೊದಲ ದಿನ ಎದುರಿಗೆ ಬಂದಿದ್ದರೆ ಕಪಾಳಕ್ಕೆ ಹೊಡೆಯುತ್ತಿದ್ದೆ. ಆಟದ ಸಾಮಾನಲ್ಲ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ನೀನೇ ಓದಿ ಹೇಳಿ ನಕ್ಕಿದ್ದೆಯಲ್ಲ! ಜೀನ್ಸ್ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವನಿಗೆ ಇದೆಂಥ ಹುಚ್ಚು ಎಂದು ಬಳಗವೆಲ್ಲ ಆಡಿಕೊಂಡಿತು. ಕೌಲ್‌ಬಜಾರಿನ ಕ್ರಿಸ್‌ಮಸ್ ಅಂಗಡಿಯಲ್ಲಿ ನೀನು ಒಂದು ರೋಬೋ ಕೊಂಡೆ, ಅಲ್ಲಿಂದ ಶುರು. ಬಾಹ್ಯಾಕಾಶದ ಸಿನಿಮಾಗಳ ಹಡಗು, ರೋಬೋ, ಬೇರೆ ಲೋಕದ ಪ್ರಾಣಿ, ಕ್ರಿಸ್‌ಮಸ್ ಗಿಡಕ್ಕೆ ತೂಗುಹಾಕಲೆಂದು ಮಾಡಿದ್ದನ್ನೆಲ್ಲ ಎಲ್ಲೆಲ್ಲಿಂದಲೋ ತರಿಸಿ ಕೂಡಿಹಾಕಿದೆ. ಒಂದನ್ನೂ ಹೊರಗೆ ತೆಗೆದವನಲ್ಲ. ಡಬ್ಬಿ ಒಡೆದರೆ ಅದರ ಮರ್ಯಾದೆ ಹೋಯಿತು ಎನ್ನುತ್ತಿದ್ದೆ. ನನಗೂ ಮುಟ್ಟಗೊಡಲಿಲ್ಲ.

ಅಂಥವನು ಪರಶುವಿಗಾಗಿ ಡಬ್ಬಿ ಒಡೆದೆ. ಅವ್ವ ಇದ್ದಿದ್ದರೆ ತವರಿನ ತೊಟ್ಟಿಲು ಅವಳು ತರುತ್ತಿದ್ದಳು. ಅವಳಿಲ್ಲದ ಕೊರತೆ ಕುರುಗೋಡಿನಲ್ಲಿ ಯಾರಿಗೂ ಕಾಣಬಾರದೆಂದು ನೀನೊಬ್ಬನೇ ಟೆಂಪೋದಲ್ಲಿ ತೊಟ್ಟಿಲು ತಂದೆ. ನಾಲ್ಕು ಮೂಲೆಗೆ ಮರದ ಗಿಣಿ ಕಟ್ಟಿ ನಡುವೆ ನಿನ್ನ ಅತಿ ಮೆಚ್ಚಿನ ಹಡಗು ತೂಗುಹಾಕಿದೆ. "ಇದೇನಪಾ ಇದು?" ಎಂದರು ಅತ್ತೆ. "ಕ್ರಿಸ್‌ಮಸ್ ಹಬ್ಬದಾಗ ಗಿಡಕ್ಕ ಕಟ್ಟೋದು ಅತ್ತಿ" ಎಂದೆ ನೀನು. "ಯಾವ ಹಬ್ಬದ್ದಾದ್ರ ಏನು, ಕೂಸು ನಗತೈತಿ, ಕಟ್ಟು" ಎಂದರು. ಅದರೊಳಗಿನ ರೋಬೋ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿತ್ತು. ನೀನು ಮೂಗು ಹಿಡಿದುಕೊಂಡು ಅದನ್ನೇ, "ಭೂಮಿ ಕಾಣಾಕತ್ತೈತಿ, ಇಳೀಲೇನು?" ಎನ್ನುತ್ತಿದ್ದೆ. ಪರಶು ಕೇಕೆ ಹಾಕುತ್ತಿದ್ದ. "ಅಪ್ಪಣಿ ಸಿಕ್ತು!" ಎಂದು ಹಡಗನ್ನು ಅವನ ಹೊಟ್ಟೆಯ ಮೇಲೆ ಇಳಿಸುತ್ತಿದ್ದೆ.

ದೀಪಾವಳಿಗೆ ಬಂದಾಗ ನೀನು ಸೆಲ್ಲು ಬದಲಿಸುತ್ತ ಮುಚ್ಚಳದ ಸ್ಕ್ರೂ ಕಳೆದೆ. ಸಾಸಿವೆ ಕಾಳಿನಷ್ಟು ಸ್ಕ್ರೂ, ಹುಡುಕಿದರೂ ಸಿಗಲಿಲ್ಲ. ಟೇಪು ಅಂಟಿಸಿ, ಮುಂದೆ ಬಂದಾಗ ಹಾಕುತ್ತೇನೆ ಎಂದೆ. ನಮ್ಮ ಮನೆಯಲ್ಲಿ ಎಳ್ಳಮಾವಾಸ್ಯೆಗೆ ತೊಟ್ಟಿಲು ಒರೆಸಿ ಪೂಜೆ ಮಾಡುವುದು ನಿನಗೆ ಹೇಗೆ ಗೊತ್ತಿರಬೇಕು? ಅತ್ತೆ ಗಿಣಿಗಳ ಜೊತೆ ನಿನ್ನ ಹಡಗನ್ನೂ ಒದ್ದೆ ಬಟ್ಟೆಯಿಂದ ಉಜ್ಜಿ, ಅರಿಷಿಣ ಕುಂಕುಮ ಹಚ್ಚಿದರು. ಟೇಪು ಬಿಟ್ಟಿತು, ಸೆಲ್ಲು ತೊಟ್ಟಿಲೊಳಗೆ ಉದುರಿದ್ದು ಯಾರಿಗೂ ಕಾಣಲಿಲ್ಲ. ಈಗ ಅವರು ವಾರ್ಡಿನ ಬಾಗಿಲಲ್ಲಿ ಕೂತು, ತಮ್ಮ ಹೆಸರು ತಾವೇ ಹಿಡಿದು, "ಈ ಗಾದೆಮ್ಮನ ಕೈಯಾರೆ ಆತಲ್ಲೋ ಶಿವನ" ಎಂದು ಹಣೆ ಬಡಿದುಕೊಳ್ಳುತ್ತಾರೆ. ತಪ್ಪನ್ನೆಲ್ಲ ನೀನೊಬ್ಬನೇ ಹೊತ್ತುಕೊಂಡು ಹೊಳೆಯ ದಂಡೆಯಲ್ಲಿ ಕೂರಬೇಕಾಗಿಲ್ಲ.

ಭಾವನ ಮಾತನ್ನೂ ಎದೆಯಲ್ಲಿ ಇಟ್ಟುಕೊಳ್ಳಬೇಡ. ನಮ್ಮ ಹೊಸ್ತಿಲು ತುಳಿಯಬೇಡ ಎಂದವರೇ ನಿನ್ನೆ ಎರ್ರಣ್ಣನ ಮಾತು ಕೇಳಿ ಚಹಾ ಅಲ್ಲೇ ಬಿಟ್ಟು ಎದ್ದುಹೋದರು. ಸ್ವಲ್ಪ ಹೊತ್ತಿಗೆ ತಿರುಗಿ ಬಂದು, "ಕರಸು ಅವನ್ನ. ಕೂಸಿಂದೊಂದು ಚಿಂತಿ, ಅವಂದೊಂದು ಚಿಂತಿ, ಎರಡೂ ನನ್ನ ಕೈಲೆ ಆಗಂಗಿಲ್ಲ" ಎಂದರು. ಪ್ರಭುಲಿಂಗ ಎಂಬ ಮನುಷ್ಯನ ಬಾಯಿಂದ ಇದಕ್ಕಿಂತ ಹೆಚ್ಚಿನದು ಹೊರಡುವುದಿಲ್ಲ, ನಿನಗೇ ಗೊತ್ತಲ್ಲ.

ಆ ಚೀಲವನ್ನು ಹೊಳೆಗೆ ಹಾಕಬೇಡ. ನೀರಾಡಲು ಬರುವ ಮಕ್ಕಳ ಕೈಗೆ ಸಿಕ್ಕೀತು. ಈ ಕಾಗದ ತರುವ ಎರ್ರಣ್ಣನಿಗೇ ಅದನ್ನು ಕೊಟ್ಟು, ಅವನ ಗಾಡಿಯಲ್ಲೇ ಹತ್ತಿ ಬಾ. ಚಿಕ್ಕಮ್ಮ ಹಾಕಿದ್ದನ್ನು ಎರಡು ತುತ್ತು ಉಂಡು ಹೊರಡು. ನನಗೆ ತವರು ಎಂದು ಉಳಿದಿರುವುದು ನೀನೊಬ್ಬನೇ ಲೇ. ನಿನ್ನ ತಲೆಯ ಮೇಲೆ ನನ್ನ ಕೈ ಇದೆ. ನೂರು ವರ್ಷ ಬಾಳು.

ಇಂತಿ ನಿನ್ನ ಅಕ್ಕ,
ನೀಲಾವತಿ

ಇನ್ನೊಂದು ಮಾತು: ಪರಶು ಅಳುವುದೇ ಇಲ್ಲ, ಎಷ್ಟು ಜಾಣ ಕೂಸು ಎಂದು ಪಕ್ಕದ ಮಂಚದವರು ಹೊಗಳುತ್ತಾರೆ. ಭಾವ, ಅತ್ತೆ ಕೂಡ ಅದನ್ನೇ ನಂಬಿ ಸಮಾಧಾನಪಟ್ಟುಕೊಂಡಿದ್ದಾರೆ. ಅವನು ಅಳುತ್ತಾನೆ ಹುಲಿಗೇಶ. ಬಾಯಿ ತೆರೆಯುತ್ತಾನೆ, ಮುಖ ಕೆಂಪಾಗುತ್ತದೆ, ಕಣ್ಣೀರು ಕಿವಿಯವರೆಗೆ ಇಳಿಯುತ್ತದೆ, ದನಿ ಮಾತ್ರ ಇಲ್ಲ. ಡಾಕ್ಟರಮ್ಮ ನಿನ್ನೆ ನನ್ನೊಬ್ಬಳನ್ನೇ ಕರೆದು ಹೇಳಿದರು, ಬರಬಹುದು, ಬರದೆಯೂ ಇರಬಹುದು ಎಂದು. ನಾನು ಕಣ್ಣು ಮುಚ್ಚಿದರೆ ಅವನು ಅತ್ತದ್ದು ನನಗೆ ಗೊತ್ತಾಗುವುದಿಲ್ಲ. ಅದಕ್ಕೇ ಮಲಗಿಲ್ಲ. ನೀನು ಬಾ. ನಾನು ಸ್ವಲ್ಪ ಮಲಗಿದಾಗ ಅವನ ಮುಖ ನೋಡುತ್ತ ಕೂತಿರಲು ಒಬ್ಬರು ಬೇಕು.