ಖಾನಾವಳಿಯಲ್ಲಿ ಈಗ ನಿಮ್ಮ ದನಿ ಇಲ್ಲ

ಪ್ರೀತಿಯ ಕಾಕಾ,

ಈ ಕಾಗದ ಕೈಗೆ ಬಂದಾಗ ಕನ್ನಡಕ ಹುಡುಕಿಕೊಡಲು ಕಾಕುವನ್ನು ಕೂಗಬೇಡಿ. ಅವರಿಗೆ ಈಗ ಪುರುಸೊತ್ತಿಲ್ಲ. ಯಾಕೆ ಪುರುಸೊತ್ತಿಲ್ಲ ಎಂದು ನಿಮಗೆ ತಿಳಿಸಲೆಂದೇ ಬರೆಯಲು ಕೂತಿದ್ದೇನೆ. ಆದರೆ ಅದಕ್ಕೂ ಮೊದಲು ಹೇಳಬೇಕಾದ ಸುದ್ದಿ ಇನ್ನೊಂದಿದೆ. ನಮ್ಮ ಕಂಪ್ಯೂಟರ್ ಆಟ ತಿರುಗಿ ಬಂದಿದೆ, ಕಾಕಾ. ಅದೇ ದೇಶ, ಅದೇ ಬೆಟ್ಟ, ಅದೇ ಊರುಗಳು. ಎಲ್ಲವನ್ನೂ ಹೊಸದಾಗಿ ಕಟ್ಟಿ ಮತ್ತೆ ಬಿಡುಗಡೆ ಮಾಡಿದ್ದಾರೆ.

ನಾನು ಹೆಬ್ಬಳ್ಳಿಯಿಂದ ಧಾರವಾಡದ ಕಾಲೇಜಿಗೆ ಬಂದು ನಿಮ್ಮ ಮನೆಯಲ್ಲಿ ಉಳಿದ ವರ್ಷ ನೆನಪಿದೆಯಲ್ಲ? ಪಡಸಾಲೆಯ ಮೂಲೆಯಲ್ಲಿ ನಿಮ್ಮ ಕಂಪ್ಯೂಟರ್. ಗೆಳತಿಯೊಬ್ಬಳು ಕೊಟ್ಟ ಡಿಸ್ಕ್ ಹಾಕಿಕೊಂಡು ನಾನು ಆ ಆಟ ಆಡುತ್ತಿದ್ದೆ. ಸಾಲಿಯಿಂದ ಬಂದ ನೀವು ಹುಡುಗರ ಇಂಗ್ಲಿಷ್ ಪರೀಕ್ಷೆಯ ಪೇಪರುಗಳ ಕಟ್ಟನ್ನು ಟೀಪಾಯಿಯ ಮೇಲಿಟ್ಟು, ಹಿಂದೆ ನಿಂತು ನೋಡಿದಿರಿ. "ಇದು ಯಾವ ದೇಶ?" ಎಂದಿರಿ. ಇಲ್ಲದ ದೇಶ ಎಂದೆ. "ಕಥಿ ಎಲ್ಲಿಗೆ ಹೋಗ್ತದ?" ಎಂದಿರಿ. "ನಾವು ಎತ್ತ ಹೋಗ್ತೀವೋ ಅತ್ತ ಹೋಗ್ತದ ಕಾಕಾ. ರಾಕ್ಷಸರ ಸಂಗತೆ ಹೊಡದಾಡಬಹುದು, ಇಲ್ಲಾಂದ್ರ ಸುಮ್ನ ಅಡವಿಯೊಳಗ ಅಡ್ಡಾಡಬಹುದು, ಯಾರೂ ಏನೂ ಅನ್ನೂದಿಲ್ಲ." ನೀವು ಕುರ್ಚಿ ಎಳೆದುಕೊಂಡು ಕೂತಿರಿ. ಆ ಸಂಜೆ ಪೇಪರು ನೋಡಲೇ ಇಲ್ಲ.

ಆಮೇಲೆ ಒಂದು ದಿನ ಆಟದೊಳಗಿನ ಊರ ಬಾಗಿಲಲ್ಲಿ ನೀವು ನನ್ನ ಕೈ ಹಿಡಿದು ನಿಲ್ಲಿಸಿದಿರಿ. "ಶೈಲವ್ವಾ, ಕೇಳು. ಭಿಕ್ಷಾ ಬೇಡಾಂವಗೂ ದಿವಾನಗೂ ಒಂದ ದನಿ ಅದ. ಇಷ್ಟು ದೊಡ್ಡ ದೇಶಾ ಕಟ್ಟಿ, ಮಾತಾಡ್ಲಿಕ್ಕೆ ನಾಲ್ಕ ಮಂದೀನ ಇಟ್ಟಾರ." ಅದು ಖರೇ ಇತ್ತು. ನಾನು ಅದೆಷ್ಟು ಸಲ ಆ ಊರಿಗೆ ಹೋಗಿದ್ದರೂ ಗಮನಿಸಿರಲಿಲ್ಲ. "ಇವರಿಗೆ ನಮ್ಮ ಕನ್ನಡಾ ಕಲಸೋಣೇನು?" ಎಂದಿರಿ. ಚೇಷ್ಟೆ ಎಂದುಕೊಂಡೆ. ನೀವು ಚೇಷ್ಟೆ ಮಾಡುವವರೇ ಅಲ್ಲ ಎಂಬುದು ಆಗ ನನಗೆ ಇನ್ನೂ ಗೊತ್ತಿರಲಿಲ್ಲ.

ನನ್ನ ಕ್ಲಾಸಿನ ಮಹಾಂತೇಶನನ್ನು ಮನೆಗೆ ಕರೆದುಕೊಂಡು ಬಂದೆ. ಈಗ ಅವನದು ಕಮರಿಪೇಟೆಯಲ್ಲಿ ಕಂಪ್ಯೂಟರ್ ದುರಸ್ತಿ ಅಂಗಡಿ. ಆಗ ಕಂಪ್ಯೂಟರ್ ಬಿಚ್ಚಿ ಜೋಡಿಸುವ ಹುಚ್ಚು ಮಾತ್ರ ಇತ್ತು. ಮೊದಲು ಪರದೆಯ ಕೆಳಗೆ ಬರುವ ಅಕ್ಷರಗಳನ್ನು ಕನ್ನಡಕ್ಕೆ ತಿರುಗಿಸಲು ನೋಡಿದೆವು. 'ಅಣ್ಣ' ಎಂದು ಬರೆದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿರುತ್ತಿತ್ತು. ವಾರಗಟ್ಟಲೆ ಒದ್ದಾಡಿ ಮಹಾಂತೇಶ ಕೈ ಚೆಲ್ಲಿದಾಗ ನೀವು ಹೇಳಿದಿರಿ, "ಬರಿಯೋದು ಬ್ಯಾಡ ಬಿಡು. ಮಾತಾಡೋಣು."

ಬೇರೆ ಸದ್ದು ಸೇರದಿರಲೆಂದು ಸಾಮಾನಿನ ಕೋಣೆಯ ನಾಲ್ಕೂ ಗೋಡೆಗೆ ಕಾಕುವಿನ ಕೌದಿಗಳನ್ನು ಜೋತುಬಿಟ್ಟು, ಫ್ಯಾನ್ ಆರಿಸಿ, ಬೆವರು ಸುರಿಸುತ್ತ ನೀವು ಮೈಕಿನ ಮುಂದೆ ಕೂತದ್ದು… ಊರ ಕಾವಲುಗಾರ ನೀವೇ, ಕಮ್ಮಾರ ನೀವೇ, ದನಿ ಬದಲಿಸಿ ಬದಲಿಸಿ ಆಡಿದಿರಿ. ಆದರೆ ನಿಮ್ಮ ಸ್ವಂತ ದನಿಯನ್ನು ಇಟ್ಟದ್ದು ಒಬ್ಬನಿಗೇ. ದಾರಿಹೋಕರು ತಂಗುವ ಆ ಛತ್ರದ ಯಜಮಾನನಿಗೆ. ಅದನ್ನು ಖಾನಾವಳಿ ಮಾಡಿಬಿಟ್ಟಿರಿ. "ಬರ್ರಿ, ಕೂಡ್ರಿ. ರೊಟ್ಟಿ ಬಿಸಿ ಅವ. ಕತ್ತಿ ಆ ಮೂಲ್ಯಾಗ ಇಡ್ರಿ, ಉಣ್ಣೂಮುಂದ ಯಾಕ ಬೇಕದು?" ಇಂಗ್ಲಿಷಿನಲ್ಲಿ ಅವನು ಹೇಳುತ್ತಿದ್ದದ್ದು ಬರೀ ಸ್ವಾಗತ. ಕಾಕುವನ್ನೂ ಮೈಕಿಗೆ ಕರೆದಿರಿ. "ನನಗ ಭಾಂಡಿ ಬಿದ್ದಾವ. ಗ್ವಾಡಿ ಮುಂದ ಕೂತು ಮಾತಾಡೂದು ನಿಮಗ ಇರಲಿ" ಎಂದು ಅವರು ಹೊರಟೇ ಹೋದರು.

ಒಂದು ಊರು ಮುಗಿಸುವಷ್ಟರಲ್ಲಿ ನನ್ನ ಕಾಲೇಜು ಮುಗಿಯಿತು. ಆಮೇಲೆ ನನ್ನ ಮದುವೆ, ಹುಬ್ಬಳ್ಳಿಯಲ್ಲಿ ರಕ್ತ ತಪಾಸಣೆಯ ಲ್ಯಾಬಿನ ಕೆಲಸ, ಬೆಂಗೇರಿಯ ಮನೆ. ಪ್ರತಿ ದೀಪಾವಳಿಗೆ ಬಂದಾಗಲೂ ನೀವು ಕೇಳುತ್ತಿದ್ದಿರಿ, "ಎರಡನೇ ಊರು ಯಾವಾಗ?" ಬರುವ ವರ್ಷ ಎನ್ನುತ್ತಿದ್ದೆ. ಆಮೇಲೆ ನಿಮಗೆ ಲಕ್ವ ಹೊಡೆಯಿತು. ಮೊದಲು ಹೋದದ್ದು ಮಾತು. ಆ ಕೊನೆಯ ವಾರಗಳ ಬಗ್ಗೆ ಬರೆಯುವುದು ಬೇಡ. ನಿಮಗೇ ಗೊತ್ತು.

ಹೊಸ ಆಟ ಬಂದ ಸುದ್ದಿ ನನಗೆ ಹೇಳಿದವನು ಮಹಾಂತೇಶನೇ. ಲ್ಯಾಬಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ, ಫೋನ್ ಬಂತು. "ನಿಮ್ಮ ಕಾಕಾನ ಊರು ವಾಪಸ್ ಬಂದೈತಿ. ಅಂಗಡಿಗೆ ಲಗೂ ಬಾ." ಕೆಲಸ ಮುಗಿದ ಮೇಲೆ ಹೋದೆ. ಏನು ಬೆಳಕು ಕಾಕಾ, ಏನು ನೀರು! ಗಾಳಿ ಬೀಸಿದರೆ ಹುಲ್ಲು ಒಂದೊಂದಾಗಿ ಬಾಗುತ್ತದೆ. ಬಟಾಟಿಯಂತಿದ್ದ ಮುಖಗಳಿಗೆ ಈಗ ಸುಕ್ಕು ಬಂದಿವೆ, ಮೀಸೆ ಬಂದಿವೆ. ನಾನು ಯಾವುದನ್ನೂ ನಿಂತು ನೋಡಲಿಲ್ಲ. ನೆಟ್ಟಗೆ ಖಾನಾವಳಿಗೆ ನಡೆದೆ. ಯಜಮಾನ ಅಲ್ಲೇ ನಿಂತಿದ್ದ. ಬಾಯಿ ತೆರೆದ. ಇಂಗ್ಲಿಷ್. ಅವನ ಭಾಷೆ ಅದೇ ತಾನೆ, ಅವನ ತಪ್ಪೇನಿದೆ? ಆದರೂ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. "ಮಹಾಂತೇಶ, ಇದರಾಗ ನಮ್ಮ ರೆಕಾರ್ಡಿಂಗ್ ಹಾಕಾಕ ಬರ್ತದೇನು?" ಎಂದೆ. "ನೋಡೋಣ" ಎಂದ. ಅವನು 'ನೋಡೋಣ' ಅಂದರೆ ಊಟ ಬಿಟ್ಟು ನೋಡುತ್ತಾನೆ.

ಎರಡು ವಾರದ ಮೇಲೆ ಅವನು ಕರೆದ. ಕಾವಲುಗಾರ, ಕಮ್ಮಾರ ಎಲ್ಲ ಸರಿಹೋಗಿದ್ದರು. ನಿಮ್ಮ ದನಿಯಲ್ಲಿ ಜಗಳಾಡುತ್ತಿದ್ದರು. ತೊಡಕು ಬಂದದ್ದು ಖಾನಾವಳಿಯಲ್ಲಿ. ಹೊಸ ಆಟದಲ್ಲಿ ಆ ಯಜಮಾನನಿಗೆ ಮಾತು ಹೆಚ್ಚಾಗಿತ್ತು. ಊರ ಸುದ್ದಿ ಹೇಳುತ್ತಾನೆ, ಕಳೆದುಹೋದ ಎತ್ತನ್ನು ಹುಡುಕಿಕೊಡಿ ಎನ್ನುತ್ತಾನೆ. ಅರ್ಧ ಮಾತು ನಿಮ್ಮದು, ಇನ್ನರ್ಧ ಇಂಗ್ಲಿಷ್. ಮಹಾಂತೇಶ, "ಒಂದು ದಾರಿ ಐತಿ" ಎಂದ. "ಕಾಕಾರ ದನಿ ನಮ್ಮ ಹತ್ರ ಐತಿ. ಈಗ ಕಂಪ್ಯೂಟರಿಗೆ ಅದನ್ನ ಕೇಳಿಸಿದ್ರ, ಅದು ಕಲತು, ನಾವು ಟೈಪ್ ಮಾಡಿದ್ದೆಲ್ಲಾ ಅವರ ದನಿಯಾಗ ಹೇಳ್ತೈತಿ. ನಾ ಆಗಲೇ ಕೇಳಿಸಿ ಇಟ್ಟೇನಿ. ಏನರ ಹೇಳಸ್ಲೇನು?"

ಬೇಡ ಎನ್ನಬೇಕಿತ್ತೋ, ಹೂಂ ಎನ್ನಬೇಕಿತ್ತೋ… ನಾನು ಯೋಚಿಸುವಷ್ಟರಲ್ಲಿ ಅವನು ಟೈಪ್ ಮಾಡಿದ. ಸ್ಪೀಕರಿನಿಂದ ನೀವು ಮಾತಾಡಿದಿರಿ. "ಶೈಲಾ, ಊಟ ಆತೇನು?" ಕಾಕಾ, ಅದು ನಿಮ್ಮದೇ ದನಿ. ಗಂಟಲಿನ ಆ ಸಣ್ಣ ಖರಖರ ಕೂಡ. ಆದರೆ ನೀವು ನನ್ನನ್ನು ಎಂದಾದರೂ ಬರೀ ಶೈಲಾ ಎಂದು ಕರೆದಿದ್ದಿರಾ? ಬಾಯಿಬಿಟ್ಟು ಅದನ್ನು ಮಹಾಂತೇಶನಿಗೂ ಹೇಳಿದೆ. "ಶೈಲವ್ವಾ ಅಂತಿದ್ರು." ಅವನು ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೀಬೋರ್ಡಿನತ್ತ ಕೈ ಒಯ್ದ. "ಹಂಗ ಟೈಪ್ ಮಾಡ್ಲೇನು?" ಆಗ ನಾನು ಎದ್ದು ನಿಂತೆ. ನಾನು ಹೇಳಿಕೊಟ್ಟರೆ ಅದು ಶೈಲವ್ವಾ ಎಂದೂ ಅನ್ನುತ್ತದೆ. ನಾನು ಏನು ಹೇಳಿಕೊಟ್ಟರೂ ಅನ್ನುತ್ತದೆ. ನೀವು ಎಂದು ನನ್ನ ಮಾತನ್ನು ಹಾಗೆ ಕೇಳಿದವರು? "ಬ್ಯಾಡ. ಕಾಕುನ ಕೇಳೂತನಕ ಏನೂ ಮಾಡಬ್ಯಾಡ" ಎಂದೆ.

ಮರುದಿನ ಧಾರವಾಡಕ್ಕೆ ಹೋದಾಗ ಕಾಕು ಹಿತ್ತಿಲಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಮಹಾಂತೇಶ ಮೊದಲೇ ಮಾಡಿಟ್ಟಿದ್ದ ಖಾನಾವಳಿಯ ಹೊಸ ಮಾತೊಂದನ್ನು, ಕಂಪ್ಯೂಟರ್ ನಿಮ್ಮ ದನಿಯಲ್ಲಿ ಹೇಳಿದ್ದನ್ನು, ಫೋನಿನಲ್ಲಿ ಕೇಳಿಸಿದೆ. ಕೈ ನಿಂತಿತು.

"ಇದನ್ನ ಇವರು ಯಾವಾಗ ಅಂದ್ರು?"

"ಅಂದಿಲ್ಲ ಕಾಕು. ಕಂಪ್ಯೂಟರ್ ಅವರ ದನಿ ಕಲತು ಹೇಳ್ಯದ. ನೀವು ಹೂಂ ಅಂದ್ರ ಆಟದಾಗ ಹಾಕ್ತೇವಿ."

ಅವರು ಮತ್ತೊಮ್ಮೆ ಕೇಳಿಸು ಎನ್ನಲಿಲ್ಲ. ಒಂದು ಮೆಣಸಿನಕಾಯಿ ಬಿಡಿಸಿ, ಇನ್ನೊಂದು ಬಿಡಿಸಿ, ಆಮೇಲೆ ಹೇಳಿದರು. "ಮಾತು ಹೋದ ಮ್ಯಾಲ ದವಾಖಾನ್ಯಾಗ ಎಲ್ಲಾರೂ ಇವರ ಪರವಾಗಿ ಮಾತಾಡಿದ್ರು. ನೀರು ಬೇಕಂತ, ಮಲಗತಾರಂತ, ಮನಿಗೆ ಹೋಗಬೇಕಂತಾರಂತ. ನಾನೂ ಹೇಳಿದೆ. ಅಲ್ಲಾ ಅಲ್ಲಾ ಅಂತ ಇವರು ಮಂಚಕ್ಕ ಕೈ ಬಡಕೊಂಡ್ರು. ನೀನೂ ನೋಡಿದ್ಯಲ್ಲಾ. ಇನ್ನ ಅವರ ಬಾಯಾಗ ಮಾತು ಇಡೂದು ಬ್ಯಾಡವ್ವಾ."

ನಾನು ನೋಡಿದ್ದೆ. ಆ ಕೈಯನ್ನು ಹಿಡಿದವಳು ನಾನೇ ಅಲ್ಲವೇ? ಅಲ್ಲೇ, ಹಿತ್ತಿಲಲ್ಲೇ, ಫೋನಿನಿಂದ ಅದನ್ನು ಅಳಿಸಿದೆ. ಮಹಾಂತೇಶನಿಗೂ ಫೋನ್ ಮಾಡಿ ಕಂಪ್ಯೂಟರಿನಿಂದ ತೆಗೆಸಿದೆ. ಅವನು ವಾದ ಮಾಡಲಿಲ್ಲ. "ಹಂಗಾರ ಖಾನಾವಳಿ ಯಜಮಾನ ಅರ್ಧಾ ಕಾಕಾ, ಅರ್ಧಾ ಇಂಗ್ಲಿಷ್ ಇರಲೇನು?" ಎಂದಷ್ಟೇ ಕೇಳಿದ. ಸ್ಪೀಕರಿನಲ್ಲಿ ಅದು ಕಾಕುವಿಗೂ ಕೇಳಿಸಿತು.

"ಒಬ್ಬರು ಅರ್ಧಾ ಮಾತಾಡಿ ನಿಂತದ್ದು ನಾ ಒಮ್ಮೆ ನೋಡೇನಿ, ಸಾಕು" ಎಂದರು. "ಅಲ್ಲಿಂದ ಅವರನ್ನ ತಗೀರಿ. ಆ ರೆಕಾರ್ಡ್ ಮನ್ಯಾಗ ಇರಲಿ, ನಾ ಕೇಳತೇನಿ. ಆಟಕ್ಕ ಬ್ಯಾರೆ ಯಾರನ್ನರ ಹುಡುಕ್ರಿ."

"ಯಾರನ್ನ ಹುಡುಕೂದು ಕಾಕು?"

ಅವರು ಮೊರವನ್ನು ಪಕ್ಕಕ್ಕೆ ಸರಿಸಿದರು. "ಅಲ್ಲಾ, ಖಾನಾವಳಿ ಅಂತೀರಿ, ಅಲ್ಲಿ ಒಂದ ಹೆಣಮಗಳಿಲ್ಲ. ರೊಟ್ಟಿ ಯಾರು ಬಡೀತಾರ? ಗಂಡಸೂರು ಬಾಗಲದಾಗ ನಿಂತು ಬರ್ರಿ ಬರ್ರಿ ಅಂದ್ರ ರೊಟ್ಟಿ ಆಗ್ತಾವೇನು?"

ಅವರು ತಮ್ಮನ್ನೇ ಸೂಚಿಸುತ್ತಿದ್ದಾರೆಂದು ನನಗೆ ಅರ್ಥವಾಗಲು ತಡವಾಯಿತು. ಮಹಾಂತೇಶನಿಗೆ ತಡವಾಗಲಿಲ್ಲ. ಅವನು ಆಗಲೇ ಫೋನಿನಲ್ಲಿ, "ಯಜಮಾನನ ಜಾಗಾದಾಗ ಹೆಂಗಸನ್ನ ನಿಲ್ಲಸಬಹುದು, ಆಟದಾಗ ಬ್ಯಾರೆ ಊರಾಗ ಒಬ್ಬಾಕಿ ಅದಾಳ" ಎನ್ನುತ್ತಿದ್ದ.

ಬೆಂಗೇರಿಯ ನನ್ನ ಮನೆಯಲ್ಲಿ ಕಾಕು ಮೊದಲ ಸಲ ಮೈಕಿನ ಮುಂದೆ ಕೂತ ಭಾನುವಾರ ನೀವು ಇರಬೇಕಿತ್ತು. ಸೆರಗು ಹೊದ್ದು, ಕೈ ಕಟ್ಟಿಕೊಂಡು, ಸಾಲಿಯ ಹುಡುಗಿಯ ಹಾಗೆ ಕೂತರು. ಬರೆದುಕೊಟ್ಟದ್ದನ್ನು ಓದಿದಾಗ ಪಾಠ ಒಪ್ಪಿಸಿದಂತೆ ಕೇಳಿಸಿತು. ಮತ್ತೆ ಓದಿದರು. ಮತ್ತೆ. ನನಗೆ ಸೋಲುತ್ತೇವೇನೋ ಅನಿಸಿತು, ಸಾಕು ಕಾಕು ಎಂದೆ. "ಯಾಕ ಸಾಕು? ನಾ ದಣದಿಲ್ಲ" ಎಂದು ಕಾಗದ ಮಡಿಚಿ ಇಟ್ಟರು. "ಇದು ಯಾರ ಮಾತು? ನಾ ಹಿಂಗ ಮಾತಾಡೂದಿಲ್ಲ. ಬಂದಾಂವ ಯಾರು, ಎಷ್ಟು ದೂರದಿಂದ ಬಂದಾನ, ಅಷ್ಟು ಹೇಳ್ರಿ. ಉಳದದ್ದು ನಾ ನೋಡ್ಕೋತೇನಿ." ಹೇಳಿದೆವು. ಅವರು ಮೈಕಿನತ್ತ ನೋಡಲೂ ಇಲ್ಲ, ಬಾಗಿಲಿನತ್ತ ನೋಡಿ ಮಾತಾಡಿದರು. "ಏನೋ ತಮ್ಮಾ, ಮಾರಿ ಬಾಡೇದ ನಿಂದು. ಕಾಲು ತೊಳಕೊಂಡು ಬಾ ಮದಲ. ರಾಕ್ಷಸರು ಎಲ್ಲಿಗೂ ಹೋಗೂದಿಲ್ಲ, ಉಂಡು ಹೋಗು." ಮಹಾಂತೇಶ ಹೆಡ್‌ಫೋನ್ ತೆಗೆದು ನನ್ನನ್ನು ನೋಡಿದ. ತಿದ್ದಲು ಏನೂ ಇರಲಿಲ್ಲ.

ಊರು ಮುಗಿದು ಎಲ್ಲರಿಗೂ ಸಿಗುವ ಹಾಗೆ ಇಂಟರ್‌ನೆಟ್ಟಿಗೆ ಏರಿಸಿದ ಮೇಲೆ ಬಂದ ಮಾತು ನೂರು ತರಹ. ರಾಜರ ದೇಶಕ್ಕೆ ಈ ರೊಟ್ಟಿ ಭಾಷೆ ಯಾಕೆ, ಶುದ್ಧ ಕನ್ನಡ ಹಾಕಿ ಎಂದು ಕೆಲವರು ಬೈದರು. ಬೀದರಿನ ಒಬ್ಬಳು, ಕೆಲಸ ಮುಗಿಸಿ ಬಂದು ಹೊಡೆದಾಟ ಬಿಟ್ಟು ಖಾನಾವಳಿಯಲ್ಲೇ ಕೂತಿರುತ್ತೇನೆ ಎಂದು ಬರೆದಳು. ಕಾಕುವಿಗೆ ಎರಡನ್ನೂ ಓದಿ ಹೇಳಿದೆ. ಬೈದವರ ಬಗ್ಗೆ, "ಅವರೂ ಉಣ್ಣಲಿಕ್ಕೆ ಬರ್ತಾರೇಳು" ಎಂದರು. ಬೀದರಿನವಳಿಗೆ ಮದುವೆಯಾಗಿದೆಯೇ ಎಂದು ಕೇಳಿದರು.

ಹೆಸರು ಹಾಕುವ ದಿನದ ಮಾತು ಹೇಳದೆ ಈ ಕಾಗದ ಮುಗಿಸುವ ಹಾಗಿಲ್ಲ. ದನಿ ಕೊಟ್ಟವರ ಹೆಸರು ಆಟದ ಮೊದಲಲ್ಲಿ ಬರುತ್ತದೆ. ಮೊದಲು ನಿಮ್ಮದು. ಕಾವಲುಗಾರ, ಕಮ್ಮಾರ ಇನ್ನೂ ನೀವೇ. ಆಮೇಲೆ ಮಹಾಂತೇಶ ಕೇಳಿದ, "ಕಾಕು, ನಿಮ್ದು ಸುಧಾ ಅಂತ ಹಾಕ್ಲೇನು?"

"ಯಮುನಾ ಅಂತ ಹಾಕು."

ಯಮುನಾ ಯಾರು ಎಂದೆ. "ನಾನ" ಎಂದರು. "ಮದವಿ ದಿವಸ ಅಕ್ಕಿ ತಾಟಿನ್ಯಾಗ ನಿಮ್ಮ ಕಾಕಾ ಉಂಗುರದಿಂದ ಸುಧಾ ಅಂತ ಬರದ್ರು. ಅವತ್ತಿಂದ ಸುಧಾ ಆದೆ. ತವರಮನ್ಯಾಗ ಯಮುನಾ ಅನ್ನೋರು ಇನ್ನ ಯಾರೂ ಉಳದಿಲ್ಲ."

ಇಷ್ಟು ವರ್ಷ ಅವರ ಮನೆಯಲ್ಲಿ ಉಂಡವಳು ನಾನು, ಒಮ್ಮೆಯೂ ಕೇಳಿರಲಿಲ್ಲ. "ಕಾಕಾಗ ಬ್ಯಾಸರ ಆಗೂದಿಲ್ಲೇನು?" ಎಂದೆ.

"ನೀ ಬರದು ತಿಳಸು. ಸುಧಾ ಮನ್ಯಾಗ ಹಂಗ ಇರ್ತಾಳ. ಈ ಕೆಲಸ ಮಾತ್ರ ಯಮುನಾಂದು."

ತಿಳಿಸಿದ್ದೇನೆ, ಕಾಕಾ. ನಾನು ಈಗ ಬರುವ ವರ್ಷ ಎನ್ನುವುದನ್ನು ಬಿಟ್ಟಿದ್ದೇನೆ. ಭಾನುವಾರಗಳೆಲ್ಲ ಇದಕ್ಕೇ ಮೀಸಲು. ಮಹಾಂತೇಶ ಭಾನುವಾರ ಅಂಗಡಿ ತೆಗೆಯುವುದಿಲ್ಲ ಎಂದು ಬೋರ್ಡ್ ಹಾಕಿದ್ದಾನೆ. ಎರಡನೆಯ ಊರು ನದಿ ದಂಡೆಯದು, ಅಲ್ಲೊಬ್ಬಳು ರಾಣಿ ಇದ್ದಾಳೆ. ಅವಳ ಮಾತನ್ನು ಮೊನ್ನೆ ಓದಿ ಹೇಳಿದೆ. ಯಮುನಾ ಕಾಕು ಪೂರ್ತಿ ಕೇಳಿಸಿಕೊಂಡು, ಈಕೆಗೆ ಆಳಲು ಬರುವುದಿಲ್ಲ, ಎಲ್ಲದಕ್ಕೂ ಮಂತ್ರಿಯನ್ನು ಕೇಳುತ್ತಾಳೆ ಎಂದರು. ಬರುವ ವಾರ ಮೈಕಿನ ಮುಂದೆ ಅದನ್ನು ಸರಿಮಾಡುತ್ತಾರಂತೆ.